ಮಾರಾಟದ ಜಾಹೀರಾತಿಗೆ ಉದ್ಯೋಗದ ಉತ್ತರ

ಹಳೆಯ ಹೊಲಿಗೆ ಯಂತ್ರ, ಅಂಗಡಿಯ ಗಾಜಿನ ಕಪಾಟು, ಕೆಲಸವಿಲ್ಲದೆ ಮೂಲೆ ಸೇರಿದ ಲೇತ್ ಮುಂತಾದವುಗಳನ್ನು ಮಾರಬೇಕಾದಾಗ ಓಎಲ್‌ಎಕ್ಸ್‌ನಂತಹ ಅಂತರಜಾಲ ತಾಣಗಳಲ್ಲಿ ಜಾಹೀರಾತು ನೀಡುವುದು ನಮ್ಮ ವರ್ತಕರಲ್ಲಿಯೂ ಸಣ್ಣ ಉದ್ದಿಮೆದಾರರಲ್ಲಿಯೂ ಈಗ ರೂಢಿಯಾಗಿದೆ. ಖರ್ಚು ಕಡಿಮೆ, ದಲ್ಲಾಳಿಯ ಗೊಡವೆಯಿಲ್ಲ. ಆದರೆ ಗಿರಾಕಿಯ ಕರೆಗಾಗಿ ಕಾಯುತ್ತಿರುವವರಿಗೆ ಕೆಲವೊಮ್ಮೆ ಬೇರೆಯೇ ಬಗೆಯ ಸಂದೇಶ ಬರುತ್ತದೆ: ಮನೆಯಲ್ಲಿಯೇ ಕುಳಿತು ದಿನಕ್ಕೆ ಎರಡು ಸಾವಿರ ರೂಪಾಯಿ ಸಂಪಾದಿಸಲು ಇಚ್ಛೆಯಿದೆಯೇ?

ಜಾಹೀರಾತು ಕೊಟ್ಟವನು ತನ್ನನ್ನು ಸಂಪರ್ಕಿಸುವ ಮಾರ್ಗವನ್ನೂ ತಾನಿರುವ ಊರನ್ನೂ ತಿಳಿಸಿರುತ್ತಾನೆ. ತನಗೆ ಸದ್ಯ ಹಣದ ಅಗತ್ಯವಿದೆ ಎಂಬುದನ್ನೂ ಪರೋಕ್ಷವಾಗಿ ಸಾರಿರುತ್ತಾನೆ. ವಂಚಕನಿಗೆ ಬೇಕಾದುದು ಈ ಕೊನೆಯ ಸಂಗತಿ. ಸೇನೆಯ ಅಧಿಕಾರಿಯೆಂದು ಹೇಳಿಕೊಂಡು, ಹಣ ಕಳುಹಿಸುವ ನೆಪದಲ್ಲಿ ಕ್ಯೂಆರ್ ಕೋಡ್ ಕೊಟ್ಟು ಹಣ ಲಪಟಾಯಿಸುವ ಸುಳ್ಳು ಗಿರಾಕಿಯನ್ನು ನಮ್ಮವರು ಈಗ ಬಹುಮಟ್ಟಿಗೆ ಗುರುತಿಸಬಲ್ಲರು. ಯುಪಿಐ ಪಿನ್ ಒತ್ತಬೇಕಾದುದು ಹಣ ಕೊಡುವಾಗ ಮಾತ್ರ, ಪಡೆಯುವಾಗ ಅಲ್ಲ ಎಂಬುದು ಸಾಕಷ್ಟು ಪ್ರಚಾರವಾಗಿದೆ. ಉದ್ಯೋಗದ ಆಮಿಷ ಒಡ್ಡುವವನನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಆತ ಕೊಳ್ಳಲು ಬಂದವನಂತೆ ಚೌಕಾಸಿ ಮಾಡುವುದಿಲ್ಲ, ಉಪಕಾರಿಯಂತೆ ಮಾತನಾಡುತ್ತಾನೆ.

ಮನೆಯಲ್ಲಿ ಕುಳಿತು ಮಾಡುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ದಕ್ಷಿಣ ಕನ್ನಡದ ಬೀಡಿ, ಮೈಸೂರಿನ ಅಗರಬತ್ತಿ ಉದ್ದಿಮೆಗಳು ಬೆಳೆದಿರುವುದು ಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳ ಕೈಕೆಲಸದ ಮೇಲೆ. 1966ರ ಬೀಡಿ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದೇ ಪರಿಗಣಿಸಿತ್ತು. ಅಲ್ಲಿ ಗುತ್ತಿಗೆದಾರನು ಎಲೆ, ತಂಬಾಕು, ದಾರಗಳನ್ನು ಕೊಟ್ಟು, ಕಟ್ಟಿದ ಬೀಡಿಯನ್ನು ಎಣಿಸಿಕೊಂಡು, ಸಾವಿರಕ್ಕೆ ಇಂತಿಷ್ಟು ಎಂದು ಕೂಲಿ ಕೊಡುತ್ತಾನೆ. ಈ ಪದ್ಧತಿಯಲ್ಲಿ ಶೋಷಣೆಯಿಲ್ಲವೆಂದು ಯಾರೂ ಹೇಳಲಾರರು. ಕಳಪೆಯೆಂದು ತಿರಸ್ಕರಿಸಿ ಕೂಲಿ ಕಡಿತ ಮಾಡುವರೆಂಬ ದೂರು ಬಹಳ ಹಳೆಯದು. ಆದರೂ ಮೊದಲು ಬಂಡವಾಳ ಹಾಕುವವನು ಕೆಲಸ ಕೊಡುವವನೇ. ಅವನ ಸರಕು ಕೆಲಸಗಾರರ ಮನೆಯಲ್ಲಿರುತ್ತದೆ, ಅದರ ನಷ್ಟದ ಭಯವೂ ಅವನದೇ.

ಈ ಅಳತೆಗೋಲಿನಿಂದ ಹೊಸ ಆಮಿಷಗಳನ್ನು ನೋಡೋಣ. ಪೆನ್ಸಿಲ್ ಪ್ಯಾಕಿಂಗ್ ಕೆಲಸವೆಂದು ಹೆಸರಾಂತ ಕಂಪನಿಯ ಮುದ್ರೆಯುಳ್ಳ ಗುರುತಿನ ಚೀಟಿಯೊಂದು ವಾಟ್ಸಾಪ್‌ನಲ್ಲಿ ಬರುತ್ತದೆ. ನೋಂದಣಿಗೆ ಕೆಲವು ನೂರು ರೂಪಾಯಿ ಕೇಳುತ್ತಾರೆ. ಅದನ್ನು ಕೊಟ್ಟರೆ ಕೊರಿಯರ್ ವೆಚ್ಚ, ಅನಂತರ ಜಿಎಸ್‌ಟಿ, ಅನಂತರ ವಿಮೆ. ಎಲ್ಲವೂ ಮರಳಿ ಬರುವ ಹಣವೆಂಬ ಭರವಸೆ ಬೇರೆ. ತಯಾರಿಕೆಯ ಅನುಭವವುಳ್ಳ ನಮ್ಮ ಓದುಗರು ಒಂದು ಕ್ಷಣ ಲೆಕ್ಕ ಹಾಕಬೇಕು. ಕೆಲವೇ ರೂಪಾಯಿ ಬೆಲೆಯ ಪೆನ್ಸಿಲನ್ನು ಬೇರೆ ರಾಜ್ಯದ ಅಪರಿಚಿತರ ಮನೆಗೆ ಕಳುಹಿಸಿ, ಹೋಗಿಬರುವ ಸಾಗಣೆ ವೆಚ್ಚ ಭರಿಸಿ, ತಿಂಗಳಿಗೆ ಮೂವತ್ತು ಸಾವಿರ ಸಂಬಳವನ್ನೂ ಕೊಡುವ ಕಾರ್ಖಾನೆ ಎಷ್ಟು ದಿನ ನಡೆದೀತು?

ಎರಡನೆಯ ಬಗೆಯು ಇನ್ನೂ ನಾಜೂಕಿನದು. ಹೋಟೆಲುಗಳಿಗೆ ಅಂಕ ನೀಡುವುದು, ವಿಡಿಯೊ ಮೆಚ್ಚುವುದು ಮುಂತಾದ ಕೆಲಸ ಕೊಟ್ಟು, ಮೊದಲ ದಿನ ನೂರೋ ಇನ್ನೂರೋ ರೂಪಾಯಿಗಳನ್ನು ನಿಜವಾಗಿಯೂ ಜಮಾ ಮಾಡುತ್ತಾರೆ. ಬಳಿಕ ಟೆಲಿಗ್ರಾಮ್ ಗುಂಪಿಗೆ ಸೇರಿಸಿ, ಸಾವಿರ ತೊಡಗಿಸಿದರೆ ಸಾವಿರದ ಮುನ್ನೂರು ಎನ್ನುತ್ತಾರೆ. ಗುಂಪಿನಲ್ಲಿ ಲಾಭದ ಸುದ್ದಿ ಹೇಳುವವರೆಲ್ಲರೂ ವಂಚಕರ ಕಡೆಯವರೇ. ಪರದೆಯ ಮೇಲೆ ಲಕ್ಷಗಳು ಕಾಣುತ್ತವೆ. ಹಿಂಪಡೆಯಲು ಹೋದರೆ ತೆರಿಗೆ ಕಟ್ಟಬೇಕೆನ್ನುತ್ತಾರೆ. ಇಂತಹ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರ್ಕಾರವು 2023ರ ಡಿಸೆಂಬರಿನಲ್ಲಿ ನಿರ್ಬಂಧಿಸಿತು. ಜಾಲತಾಣದ ಹೆಸರು ಬದಲಿಸುವುದು ಅಂಗಡಿಯ ಫಲಕ ಬದಲಿಸುವುದಕ್ಕಿಂತ ಸುಲಭವಾದ್ದರಿಂದ ದಂಧೆ ನಿಲ್ಲಲಿಲ್ಲ.

ವರ್ತಕರಿಗೆ ಅತ್ಯಂತ ಅಪಾಯಕಾರಿಯಾದುದು ಮೂರನೆಯ ಬಗೆ. ಇಲ್ಲಿ ಹಣ ಕೇಳುವುದೇ ಇಲ್ಲ. ನಿಮ್ಮ ಹೆಸರಿನಲ್ಲಿ ನಮ್ಮ ಜಾಹೀರಾತುಗಳನ್ನು ಪ್ರಕಟಿಸಿ, ಅಥವಾ ನಮ್ಮ ಸಂಸ್ಥೆಯ ವಸೂಲಿಯನ್ನು ನಿಮ್ಮ ಚಾಲ್ತಿ ಖಾತೆಯಲ್ಲಿ ಸ್ವೀಕರಿಸಿ ಮುಂದಕ್ಕೆ ಕಳುಹಿಸಿ, ಮೊತ್ತದ ಮೇಲೆ ಶೇಕಡಾವಾರು ಕಮಿಷನ್ ನಿಮ್ಮದು ಎನ್ನುತ್ತಾರೆ. ಚಾಲ್ತಿ ಖಾತೆಯಲ್ಲಿ ದೊಡ್ಡ ಮೊತ್ತಗಳ ಓಡಾಟ ಸಹಜವಾದ್ದರಿಂದ ಅನುಮಾನ ಕಡಿಮೆ. ಜಿಎಸ್‌ಟಿ ನೋಂದಣಿಯುಳ್ಳ ವರ್ತಕನ ಹೆಸರಿಗೆ ಬೆಲೆ ಹೆಚ್ಚು. ಹಾಗೆ ಬರುವ ಹಣವು ಇನ್ನೆಲ್ಲಿಯೋ ಮೋಸಹೋದವರ ಹಣ. ಅವರು ದೂರು ಕೊಟ್ಟೊಡನೆ ಪೊಲೀಸರಿಗೆ ಮೊದಲು ಸಿಗುವ ಹೆಸರು ಖಾತೆದಾರನದು. ಖಾತೆ ಸ್ಥಗಿತಗೊಂಡರೆ ಕೆಲಸಗಾರರ ಸಂಬಳ, ಸರಬರಾಜುದಾರರಿಗೆ ಕೊಟ್ಟ ಚೆಕ್ಕು, ಬ್ಯಾಂಕಿನ ಸಾಲದ ಕಂತು ಎಲ್ಲವೂ ಒಮ್ಮೆಗೇ ನಿಲ್ಲುತ್ತವೆ. ಮೊದಲ ಎರಡು ಬಗೆಗಳಲ್ಲಿ ವರ್ತಕನು ದೂರುದಾರ, ಇಲ್ಲಿ ಆರೋಪಿ.

ದುರಾಸೆಯಿಂದಲೇ ಜನರು ಮೋಸಹೋಗುತ್ತಾರೆಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ಸರಕು ಖರ್ಚಾಗದೆ, ಬಾಕಿ ವಸೂಲಾಗದೆ, ಯಂತ್ರವನ್ನೇ ಮಾರಲು ಹೊರಟವನು ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು ಸಂಪಾದಿಸಲು ಬಯಸುವುದು ದುರಾಸೆಯಲ್ಲ. ಇಂತಹ ಮಾತಿಗೆ ಹೆದರಿಯೇ ಮೋಸಹೋದವರು ಬಾಯಿ ಬಿಡುವುದಿಲ್ಲ. ಪೇಟೆಯಲ್ಲಿ ಹೆಸರು ಕೆಟ್ಟರೆ ಉದ್ದರಿ ಹುಟ್ಟದು ಎಂಬ ಅಳುಕೂ ಇದೆ. ಆದರೆ ಕಳೆದುಕೊಂಡ ಹಣವು ಗಂಟೆಗಳೊಳಗೆ ಖಾತೆಯಿಂದ ಖಾತೆಗೆ ಹಾರುತ್ತದೆ. ಕೂಡಲೇ 1930 ಸಂಖ್ಯೆಗೆ ಕರೆ ಮಾಡಿದರೆ ಅದನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆಯಿದೆ. ಒಂದು ವಾರ ಯೋಚಿಸಿ ಕರೆ ಮಾಡಿದರೆ ಬಹುಪಾಲು ದೂರಿನ ಸಂಖ್ಯೆ ಮಾತ್ರ ಉಳಿಯುತ್ತದೆ.

ನಮ್ಮಂತಹ ವಾಣಿಜ್ಯ ಸಂಸ್ಥೆಗಳು ಸದಸ್ಯರಿಗೆ ಬಂದ ಇಂತಹ ಸಂದೇಶಗಳನ್ನು ಹೆಸರು ಮರೆಮಾಚಿ ಸೂಚನಾ ಫಲಕದಲ್ಲಿ ಪ್ರಕಟಿಸುವ ವ್ಯವಸ್ಥೆ ಮಾಡುವುದು ಸೂಕ್ತ. ಬ್ಯಾಂಕುಗಳು ಚಾಲ್ತಿ ಖಾತೆ ತೆರೆಯುವಾಗ ಹತ್ತಾರು ಸಹಿ ಹಾಕಿಸಿಕೊಳ್ಳುತ್ತವೆ. ಖಾತೆಯನ್ನು ಬಾಡಿಗೆಗೆ ಕೊಡುವುದರ ಪರಿಣಾಮವನ್ನು ಕನ್ನಡದಲ್ಲಿ ಎರಡು ಸಾಲು ಓದಿ ಹೇಳಲು ಅವುಗಳಿಗೆ ಏನು ಕಷ್ಟ? ಈಗಾಗಲೇ ಸಿಲುಕಿರುವವರು ಸಿಟ್ಟಿನಿಂದಲೋ ನಾಚಿಕೆಯಿಂದಲೋ ಸಂದೇಶಗಳನ್ನು ಅಳಿಸಿಹಾಕಬಾರದು. ಸಂಭಾಷಣೆಯ ಪ್ರತಿ, ಹಣ ಹೋದ ಯುಪಿಐ ವಿಳಾಸ, ವಹಿವಾಟಿನ ಯುಟಿಆರ್ ಸಂಖ್ಯೆ, ಬ್ಯಾಂಕಿನ ಖಾತೆ ವಿವರ ಇವಿಷ್ಟನ್ನು ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಒಯ್ಯಬೇಕು. ಕಮಿಷನ್ ಆಸೆಗೆ ಖಾತೆ ಕೊಟ್ಟವರು ಪೊಲೀಸರ ಕರೆ ಬರುವವರೆಗೆ ಕಾಯದೆ, ಅಂದೇ ಬ್ಯಾಂಕಿನ ವ್ಯವಸ್ಥಾಪಕರಿಗೆ ಲಿಖಿತವಾಗಿ ತಿಳಿಸಿ, ವಕೀಲರೊಡನೆ ಠಾಣೆಗೆ ಹೋಗುವುದು ಲೇಸು.