ಟೈಮ್‌ಷೇರ್ ಮರುಮಾರಾಟ: ಬೇಸಿಗೆಯ ಬೆಲೆಯೂ ಮಳೆಗಾಲದ ಬೆಲೆಯೂ

ಏಪ್ರಿಲ್ ತಿಂಗಳ ಮಧ್ಯದ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ ಆರಂಭವಾಗುತ್ತಿದ್ದಂತೆ ಮಡಿಕೇರಿ, ಊಟಿ, ಕೊಡೈಕೆನಾಲ್‌ಗಳಲ್ಲಿ ಕೊಠಡಿ ದೊರೆಯುವುದು ದುರ್ಲಭವಾಗುತ್ತದೆ. ಅವೇ ಕೊಠಡಿಗಳಿಗೆ ಜುಲೈ ತಿಂಗಳ ಜಡಿಮಳೆಯಲ್ಲಿ, ಅದರಲ್ಲೂ ವಾರದ ನಡುವಿನ ದಿನಗಳಲ್ಲಿ, ಅತಿಥಿಗಳನ್ನು ಹುಡುಕಬೇಕಾಗುತ್ತದೆ. ಹೋಟೆಲ್ ಉದ್ಯಮಿಯು ಈ ಏರಿಳಿತವನ್ನು ದಿನಬಾಡಿಗೆಯ ದರದಲ್ಲಿ ಸರಿಹೊಂದಿಸಿಕೊಳ್ಳುತ್ತಾನೆ. ಆದರೆ ವರ್ಷಕ್ಕೊಂದು ವಾರದ ವಾಸದ ಹಕ್ಕನ್ನು ಇಪ್ಪತ್ತೈದು ವರ್ಷಗಳಿಗೆ ಒಮ್ಮೆಲೇ ಖರೀದಿಸಿದ ಟೈಮ್‌ಷೇರ್ ಸದಸ್ಯನಿಗೆ ಅಂತಹ ಅವಕಾಶವಿಲ್ಲ. ತನ್ನ ಹಕ್ಕನ್ನು ಮತ್ತೊಬ್ಬರಿಗೆ ಮಾರಲು ಹೊರಟ ದಿನ ಮಾತ್ರ ಅವನಿಗೆ ಋತುಮಾನದ ನಿಜವಾದ ಬೆಲೆ ತಿಳಿದುಬರುತ್ತದೆ. ವರ್ತಕ ಬಾಂಧವರಲ್ಲಿ ಇಂತಹ ಸದಸ್ಯತ್ವ ಹೊಂದಿರುವವರು ಅನೇಕರು. ಕೆಲವರು ಅದನ್ನು ಮಾರುವ ಯೋಚನೆಯಲ್ಲಿದ್ದರೆ, ಮತ್ತೆ ಕೆಲವರು ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವ ಉತ್ಸಾಹದಲ್ಲಿದ್ದಾರೆ. ಈ ವ್ಯವಹಾರದ ಲೆಕ್ಕಾಚಾರವನ್ನು ಇಬ್ಬರೂ ಅರಿತಿರುವುದು ಅಗತ್ಯ.

ಯುರೋಪಿನಲ್ಲಿ 1960ರ ದಶಕದಲ್ಲಿ ಹುಟ್ಟಿಕೊಂಡ ಈ ಪದ್ಧತಿಯು ಭಾರತಕ್ಕೆ ಬಂದದ್ದು 1980ರ ದಶಕದಲ್ಲಿ. 1986ರಲ್ಲಿ ಸ್ಥಾಪನೆಯಾದ ಸ್ಟರ್ಲಿಂಗ್ ಸಂಸ್ಥೆ ಮತ್ತು 1996ರಲ್ಲಿ ಆರಂಭವಾದ ಮಹೀಂದ್ರ ಹಾಲಿಡೇಸ್ ಸಂಸ್ಥೆಗಳು ಇದನ್ನು ಮಧ್ಯಮ ವರ್ಗದ ಮನೆಗಳಿಗೆ ಪರಿಚಯಿಸಿದವು. ಸಾಪ್ತಾಹಿಕ ಹಕ್ಕುಗಳನ್ನು ಪರಸ್ಪರ ಅದಲುಬದಲು ಮಾಡಿಕೊಡುವ ಆರ್.ಸಿ.ಐ. ಸಂಸ್ಥೆಯು ಹೆಚ್ಚಿನ ಬೇಡಿಕೆಯ ವಾರಗಳಿಗೆ ಕೆಂಪು, ಮಧ್ಯಮ ಬೇಡಿಕೆಗೆ ಬಿಳಿ, ಕಡಿಮೆ ಬೇಡಿಕೆಗೆ ನೀಲಿ ಬಣ್ಣವನ್ನು ನಿಗದಿಪಡಿಸಿತು. ಕ್ಲಬ್ ಮಹೀಂದ್ರ ಇವುಗಳ ಮೇಲೆ ನೇರಳೆಯನ್ನೂ ಸೇರಿಸಿತು. ಮೇಲಿನ ಬಣ್ಣದವನು ಕೆಳಗಿನ ಬಣ್ಣದ ವಾರವನ್ನು ಬಳಸಬಹುದು. ಕೆಳಗಿನವನಿಗೆ ಮೇಲಿನದು ಲಭ್ಯವಿಲ್ಲ. ಮರುಮಾರಾಟದಲ್ಲಿ ಗ್ರಾಹಕನು ಮೊದಲು ಕೇಳುವ ಪ್ರಶ್ನೆ ಸಹ ಇದೇ: ಯಾವ ಬಣ್ಣ?

ಈ ಪ್ರಶ್ನೆಯ ಮಹತ್ವವನ್ನು ಒಂದು ಕಲ್ಪಿತ ಉದಾಹರಣೆಯಿಂದ ಅರಿಯಬಹುದು. ಒಂದು ಸದಸ್ಯತ್ವದ ವಾರ್ಷಿಕ ನಿರ್ವಹಣಾ ಶುಲ್ಕ ರೂ. 18,000 ಎಂದಿರಲಿ. ಅದರ ಮೇಲೆ ಶೇ. 18ರ ಜಿ.ಎಸ್.ಟಿ. ಸೇರಿದರೆ ರೂ. 21,240 ಆಗುತ್ತದೆ, ಅಂದರೆ ಏಳು ರಾತ್ರಿಗಳಿಗೆ ತಲಾ ರೂ. 3,034. ಅದೇ ದರ್ಜೆಯ ಕೊಠಡಿ ಹೊರಗೆ ಮೇ ತಿಂಗಳಲ್ಲಿ ತೆರಿಗೆ ಸೇರಿ ದಿನಕ್ಕೆ ರೂ. 6,500ಕ್ಕೆ ಸಿಗುವುದಾದರೆ ಏಳು ದಿನಕ್ಕೆ ರೂ. 45,500. ಶುಲ್ಕವನ್ನು ಕಳೆದರೆ ವರ್ಷಕ್ಕೆ ಉಳಿತಾಯ ರೂ. 24,260. ಹನ್ನೆರಡು ವರ್ಷಗಳ ಅವಧಿ ಬಾಕಿ ಇದ್ದು, ಶೇ. 12ರ ದರದಲ್ಲಿ ಕಡಿತಗೊಳಿಸಿದರೆ ಇದರ ಇಂದಿನ ಮೌಲ್ಯ ಸುಮಾರು ಒಂದೂವರೆ ಲಕ್ಷ ರೂಪಾಯಿ. ಇನ್ನು ಜುಲೈ ತಿಂಗಳ ವಾರವನ್ನು ಪರಿಗಣಿಸೋಣ. ಆಗ ಕೊಠಡಿ ದಿನಕ್ಕೆ ರೂ. 2,500ಕ್ಕೆ ದೊರೆಯುವುದಾದರೆ ಏಳು ದಿನಕ್ಕೆ ರೂ. 17,500. ಶುಲ್ಕ ರೂ. 21,240. ಅಂದರೆ ಪ್ರತಿ ವರ್ಷ ರೂ. 3,740 ಕೈಯಿಂದ ಹೋಗುತ್ತದೆ. ಇಂತಹ ಹಕ್ಕನ್ನು ಉಚಿತವಾಗಿ ಕೊಟ್ಟರೂ ಲೆಕ್ಕ ಬಲ್ಲವನು ಸ್ವೀಕರಿಸಲಾರ. ಕಟ್ಟಡ ಒಂದೇ, ಕೊಠಡಿ ಒಂದೇ; ಒಬ್ಬನ ಪಾಲಿಗೆ ಅದು ಆಸ್ತಿ, ಇನ್ನೊಬ್ಬನ ಪಾಲಿಗೆ ಜವಾಬ್ದಾರಿ.

ನಿರ್ವಹಣಾ ಶುಲ್ಕವು ಅನೇಕ ಯೋಜನೆಗಳಲ್ಲಿ ಕೊಠಡಿಯ ಗಾತ್ರವನ್ನು ಅನುಸರಿಸುತ್ತದೆಯೇ ಹೊರತು ಋತುವಿನ ಬೇಡಿಕೆಯನ್ನಲ್ಲ ಎಂಬುದೇ ಇದರ ಮೂಲ. ಬಣ್ಣ ಬಳಿಯುವ ಖರ್ಚು, ಸಿಬ್ಬಂದಿ ವೇತನ, ವಿದ್ಯುತ್ ಬಿಲ್ಲುಗಳು ಮಳೆಗಾಲವೆಂದು ಇಳಿಯುವುದಿಲ್ಲ. ಇದಕ್ಕೆ ಇತ್ತೀಚೆಗೆ ತೆರಿಗೆಯೂ ಒಂದು ಕಾರಣವಾಗಿ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ರೂ. 7,500ರವರೆಗಿನ ಹೋಟೆಲ್ ಕೊಠಡಿಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಸದಸ್ಯತ್ವದ ಶುಲ್ಕಗಳ ಮೇಲಿನ ಶೇ. 18 ಹಾಗೆಯೇ ಉಳಿಯಿತು. ಮಧ್ಯಮ ದರ್ಜೆಯ ಕೊಠಡಿಯನ್ನು ಬೇಕೆಂದಾಗ ಬಾಡಿಗೆಗೆ ಪಡೆಯುವವನಿಗೆ ಇದರಿಂದ ಲಾಭವಾಯಿತು. ನೀಲಿ ಮತ್ತು ಬಿಳಿ ಋತುಗಳ ಸದಸ್ಯತ್ವಗಳ ಮರುಮಾರಾಟ ಮೌಲ್ಯ ಅಷ್ಟರಮಟ್ಟಿಗೆ ಕುಗ್ಗಿತು. ಈ ಅಂಶವನ್ನು ಮಾರಾಟ ಪ್ರತಿನಿಧಿಗಳು ಪ್ರಸ್ತಾಪಿಸುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ವರ್ಷದ ಯಾವ ತಿಂಗಳಲ್ಲಿ ಮಾರಾಟ ಅನುಕೂಲಕರ ಎಂಬುದು ಇನ್ನೊಂದು ವಿಚಾರ. ರಜೆ ಕಳೆಯುವ ಋತು ಬೇರೆ, ರಜೆಯ ಹಕ್ಕನ್ನು ಕೊಳ್ಳುವ ಋತು ಬೇರೆ. ಬೇಸಿಗೆಗಾಗಿ ಕೊಳ್ಳುವವನು ಜನವರಿಯಿಂದ ಮಾರ್ಚ್‌ವರೆಗೆ ವಿಚಾರಿಸುತ್ತಾನೆ, ಏಕೆಂದರೆ ಹೆಸರು ವರ್ಗಾವಣೆಯಾಗಿ, ಕೊಠಡಿ ಕಾಯ್ದಿರಿಸಲು ಅಷ್ಟು ಕಾಲಾವಕಾಶ ಬೇಕು. ಜೂನ್ ತಿಂಗಳಲ್ಲಿ ಚಿತ್ರ ತಿರುವುಮುರುವಾಗುತ್ತದೆ. ಬೇಸಿಗೆಯಲ್ಲಿ ಕೊಠಡಿ ದೊರೆಯದೆ ಬೇಸತ್ತ ಸದಸ್ಯರು ಮಾರಲು ಮುಂದಾಗುತ್ತಾರೆ. ಅದೇ ಹೊತ್ತಿಗೆ ಶಾಲಾ ಶುಲ್ಕ, ಪುಸ್ತಕ, ಸಮವಸ್ತ್ರಗಳ ಖರ್ಚಿನಿಂದ ಕೊಳ್ಳುವವರ ಕೈ ಬರಿದಾಗಿರುತ್ತದೆ. ದಸರಾ ರಜೆಗೆ ಮುನ್ನ ವಿಚಾರಣೆ ಅಲ್ಪ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಕೊಳ್ಳುವವನಿಗೆ ಜುಲೈ ಮತ್ತು ಆಗಸ್ಟ್, ಮಾರುವವನಿಗೆ ವರ್ಷದ ಮೊದಲ ಮೂರು ತಿಂಗಳು ಹಿತಕರ. ಅಮೆರಿಕದಲ್ಲಿ ಈ ಲಯಕ್ಕೆ ಇನ್ನೊಂದು ಒತ್ತಡವಿದೆ. ಅಲ್ಲಿ ಅನೇಕ ರೆಸಾರ್ಟುಗಳ ನಿರ್ವಹಣಾ ಶುಲ್ಕದ ಬಿಲ್ಲು ವರ್ಷಾಂತ್ಯದ ಹೊತ್ತಿಗೆ ಕೈಸೇರುತ್ತದೆ. ಅದನ್ನು ಕಟ್ಟಲು ಮನಸ್ಸಿಲ್ಲದವರು ಒಂದೇ ಡಾಲರ್ ಬೆಲೆಗೆ ಹರಾಜಿಗಿಟ್ಟ ನಿದರ್ಶನಗಳು ಹೇರಳ.

ಆದರೂ ಕೆಂಪು ಅಥವಾ ನೇರಳೆ ಬಣ್ಣವಿದ್ದ ಮಾತ್ರಕ್ಕೆ ಮೇಲಿನ ಲೆಕ್ಕದ ಒಂದೂವರೆ ಲಕ್ಷ ಕೈಗೆ ಬರುತ್ತದೆಂದು ಭಾವಿಸಲಾಗದು. ಭಾರತದಲ್ಲಿ ಇಂದು ಮಾರಾಟವಾಗುವ ಬಹುತೇಕ ಸದಸ್ಯತ್ವಗಳಲ್ಲಿ ನಿರ್ದಿಷ್ಟ ವಾರವೆಂಬುದು ಇಲ್ಲ. ಋತುವಿನೊಳಗೆ ಖಾಲಿ ಇದ್ದಾಗ ಪಡೆಯುವ ಹಕ್ಕು ಮಾತ್ರ ಇದೆ. ಮೇ ತಿಂಗಳ ಮೊದಲ ವಾರವನ್ನು ಎಲ್ಲರೂ ಬಯಸಿದರೆ ಎಲ್ಲರಿಗೂ ದೊರೆಯುವುದು ಅಸಾಧ್ಯವೆಂಬುದು ಸಾಮಾನ್ಯ ಗಣಿತ. ಸಂಸ್ಥೆಯ ಒಪ್ಪಿಗೆ, ವರ್ಗಾವಣೆ ಶುಲ್ಕ, ಬಾಕಿ ಕಂತುಗಳ ತೀರುವಳಿ ಇವೆಲ್ಲವೂ ಬೆಲೆಯಿಂದ ಕಳೆಯಬೇಕಾದವು. ಮೊದಲ ಖರೀದಿದಾರನಿಗೆ ನೀಡಿದ ಕೆಲವು ಸವಲತ್ತುಗಳು ಎರಡನೆಯವನಿಗೆ ಸಲ್ಲುವುದಿಲ್ಲವೆಂಬ ನಿಬಂಧನೆಯೂ ಅನೇಕ ಒಪ್ಪಂದಗಳಲ್ಲಿರುತ್ತದೆ.

ಋತುವೆಂಬುದು ಸ್ಥಿರವೂ ಅಲ್ಲ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತ ಮತ್ತು 2024ರ ಜುಲೈ 30ರ ವಯನಾಡಿನ ದುರಂತಗಳ ನಂತರ ಮಳೆಗಾಲದಲ್ಲಿ ಮಲೆನಾಡಿನ ಪ್ರವಾಸಕ್ಕೆ ಹೊರಡುವ ಕುಟುಂಬಗಳು ಎರಡು ಬಾರಿ ಯೋಚಿಸುವಂತಾಗಿದೆ. ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ಊಟಿ ಮತ್ತು ಕೊಡೈಕೆನಾಲ್‌ಗಳಿಗೆ 2024ರ ಮೇ 7ರಿಂದ ಇ-ಪಾಸ್ ಪದ್ಧತಿ ಜಾರಿಗೆ ಬಂದಿತು. 2025ರ ಏಪ್ರಿಲ್‌ನಿಂದ ಬೇಸಿಗೆಯ ಅವಧಿಯಲ್ಲಿ ಊಟಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿಯನ್ನೂ ವಿಧಿಸಲಾಯಿತು. ಕೆಂಪು ಋತುವಿನ ಹಕ್ಕುಪತ್ರ ಕೈಯಲ್ಲಿದ್ದರೂ ಘಾಟಿ ಹತ್ತಲು ಪಾಸ್ ಬೇಕು. ಇಪ್ಪತ್ತೈದು ವರ್ಷಗಳ ಹಿಂದೆ ಬಣ್ಣಗಳನ್ನು ಹಂಚಿದಾಗ ಇಂತಹ ಪರಿಸ್ಥಿತಿಯನ್ನು ಯಾರೂ ಊಹಿಸಿರಲಿಲ್ಲ. ಅಂದಿನ ಬೆಲೆಯನ್ನು ಇಂದಿನ ಮಾರಾಟಕ್ಕೆ ಆಧಾರವಾಗಿ ಇಟ್ಟುಕೊಳ್ಳುವುದು ಸಮಂಜಸವಲ್ಲ.

ಮಾರಲು ಹೊರಟವರಿಗೆ ಕಾಡುವ ದೊಡ್ಡ ಅಪಾಯ ಮಧ್ಯವರ್ತಿಗಳದು. ಸದಸ್ಯತ್ವಕ್ಕೆ ಒಳ್ಳೆಯ ಬೆಲೆಯ ಗ್ರಾಹಕ ಸಿದ್ಧನಿದ್ದಾನೆ, ನೋಂದಣಿಗೆ ಇಷ್ಟು, ತೆರಿಗೆಗೆ ಇಷ್ಟು ಮುಂಗಡ ಕಟ್ಟಿರಿ ಎಂಬ ದೂರವಾಣಿ ಕರೆ ಬಂದರೆ ಅಲ್ಲಿಗೇ ಎಚ್ಚರಗೊಳ್ಳುವುದು ಲೇಸು. ಈ ಬಗೆಯ ವಂಚನೆ ಎಷ್ಟು ದೊಡ್ಡದಾಗಿ ಬೆಳೆಯಬಲ್ಲದು ಎಂಬುದಕ್ಕೆ ಮೆಕ್ಸಿಕೋ ನಿದರ್ಶನ. ಅಲ್ಲಿನ ಟೈಮ್‌ಷೇರ್‌ಗಳ ಹೆಸರಿನಲ್ಲಿ 2019ರಿಂದ 2023ರವರೆಗೆ ಸುಮಾರು 6,000 ಅಮೆರಿಕನ್ನರು 30 ಕೋಟಿ ಡಾಲರುಗಳಷ್ಟು ಕಳೆದುಕೊಂಡರೆಂದು ಅಮೆರಿಕದ ಎಫ್.ಬಿ.ಐ. ತಿಳಿಸಿದೆ, ಮಾದಕವಸ್ತು ಜಾಲಗಳೇ ಅದರ ಹಿಂದಿದ್ದವು. ಮರುಮಾರಾಟ ಪೂರ್ಣಗೊಳ್ಳುವವರೆಗೆ ಮಧ್ಯವರ್ತಿಯು ಒಂದು ಬಿಡಿಗಾಸನ್ನೂ ಪಡೆಯಕೂಡದೆಂದು ಐರೋಪ್ಯ ಒಕ್ಕೂಟವು 2008/122 ಸಂಖ್ಯೆಯ ನಿರ್ದೇಶನದಲ್ಲಿ ವಿಧಿಸಿದೆ. ಟೈಮ್‌ಷೇರ್‌ಗೆಂದೇ ಪ್ರತ್ಯೇಕ ಕಾನೂನಿಲ್ಲದ ನಮ್ಮ ದೇಶದಲ್ಲಿ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವೇ ಗತಿ. ಇಂತಹ ಒಂದು ವಾಕ್ಯವನ್ನು ನಮ್ಮಲ್ಲಿಯೂ ನಿಯಮವಾಗಿ ತರಲು ಸರ್ಕಾರಕ್ಕೆ ಕಷ್ಟವೇನಿರಲಾರದು. ಅದಕ್ಕಿಂತಲೂ ಸುಲಭವಾದ ಕ್ರಮವೆಂದರೆ ಪ್ರತಿ ಸಂಸ್ಥೆಯೂ ವರ್ಷದಲ್ಲಿ ಎಷ್ಟು ಸದಸ್ಯತ್ವಗಳು, ಯಾವ ಋತುವಿನವು, ಎಷ್ಟು ಅವಧಿ ಬಾಕಿ ಇರುವಾಗ ಕೈಬದಲಾದವು ಎಂಬುದನ್ನು ಪ್ರಕಟಿಸುವುದು. ಅಡಿಕೆ, ಮೆಣಸುಗಳಿಗೆ ದಿನನಿತ್ಯ ಧಾರಣೆ ಪ್ರಕಟವಾಗುವ ರಾಜ್ಯದಲ್ಲಿ ಲಕ್ಷಾಂತರ ರೂಪಾಯಿಯ ಹಕ್ಕಿಗೆ ಧಾರಣೆಯೇ ಇಲ್ಲದಿರುವುದು ವಿಚಿತ್ರ. ವಾಣಿಜ್ಯ ಸಂಸ್ಥೆಗಳು ಒಟ್ಟಾಗಿ ಈ ಬೇಡಿಕೆಯನ್ನು ಮುಂದಿಡಬಹುದು.

ಬಳಸದ ರಾತ್ರಿಗಳಿಗೆ ಹಣ ಹಿಂತಿರುಗಿಸುವ ಭರವಸೆ ನೀಡಿದ ಯೋಜನೆಗಳ ಗತಿಯನ್ನೂ ಮರೆಯಲಾಗದು. ಪಾನ್‌ಕಾರ್ಡ್ ಕ್ಲಬ್ಸ್ ಸಂಸ್ಥೆಯು ಕೊಠಡಿ-ರಾತ್ರಿಗಳ ಹೆಸರಿನಲ್ಲಿ ಸಂಗ್ರಹಿಸಿದ ಹಣವನ್ನು ಸೆಬಿಯು ಸಾಮೂಹಿಕ ಹೂಡಿಕೆ ಯೋಜನೆಯೆಂದು ಪರಿಗಣಿಸಿ, ಸುಮಾರು 7,035 ಕೋಟಿ ರೂಪಾಯಿಗಳನ್ನು ಹಿಂತಿರುಗಿಸಲು 2016ರ ಫೆಬ್ರುವರಿಯಲ್ಲಿ ಆದೇಶಿಸಿತು. ಹೂಡಿಕೆದಾರರ ಸಂಖ್ಯೆ ಐವತ್ತು ಲಕ್ಷಕ್ಕೂ ಅಧಿಕ. ಟೈಮ್‌ಷೇರ್ ವಾಸಕ್ಕಾಗಿ ಕೊಳ್ಳುವ ಸೇವೆಯೇ ಹೊರತು ಬೆಳೆಯುವ ಬಂಡವಾಳವಲ್ಲ. ಸಂಸ್ಥೆಗಳ ಲೆಕ್ಕಪತ್ರಗಳೂ ಇದನ್ನೇ ಹೇಳುತ್ತವೆ. 2018ರ ಏಪ್ರಿಲ್ 1ರಿಂದ ಇಂಡ್ ಎಎಸ್ 115 ಮಾನದಂಡ ಜಾರಿಗೆ ಬಂದ ಮೇಲೆ ಮಹೀಂದ್ರ ಹಾಲಿಡೇಸ್ ಸಂಸ್ಥೆಯು ಸದಸ್ಯತ್ವ ಶುಲ್ಕವನ್ನು ಸದಸ್ಯತ್ವದ ಅವಧಿಯುದ್ದಕ್ಕೂ ಹಂಚಿ ಆದಾಯವೆಂದು ತೋರಿಸತೊಡಗಿತು. ಮಾರಿದವನೇ ವರ್ಷವರ್ಷಕ್ಕೆ ಕರಗುವ ಸೇವೆಯೆಂದು ಬರೆಯುತ್ತಿರುವಾಗ ಕೊಂಡವನು ಅದನ್ನು ನಿವೇಶನದಂತೆ ಎಣಿಸುವುದು ಸರಿಯಲ್ಲ.

ಇನ್ನು ಸದಸ್ಯತ್ವವನ್ನು ವ್ಯಾಪಾರ ಸಂಸ್ಥೆಯ ಹೆಸರಿನಲ್ಲಿ ಪಡೆದವರ ವಿಚಾರ. ಕ್ಲಬ್ ಸದಸ್ಯತ್ವಕ್ಕೂ, ನೌಕರರ ರಜಾ ಪ್ರವಾಸದ ಸೌಲಭ್ಯಕ್ಕೂ ತೆತ್ತ ಜಿ.ಎಸ್.ಟಿ.ಗೆ, ಕಾನೂನಿನಡಿ ಕಡ್ಡಾಯವಾಗಿ ಒದಗಿಸಬೇಕಾದ ಸಂದರ್ಭದ ಹೊರತು, ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಪಾಲುದಾರರ ಕುಟುಂಬವೇ ಬಳಸುತ್ತಿದ್ದರೆ ಅದು ಸಂಸ್ಥೆಯ ಖರ್ಚಲ್ಲ, ಆ ಪಾಲುದಾರನ ಡ್ರಾಯಿಂಗ್ಸ್ ಖಾತೆಗೆ ಸೇರಬೇಕಾದದ್ದು. ಬಂಡವಾಳ ಸ್ವತ್ತೆಂದು ಪರಿಗಣಿತವಾಗಿ ಮಾರಾಟದಲ್ಲಿ ದೀರ್ಘಾವಧಿ ನಷ್ಟವಾದರೆ ಅದನ್ನು ದೀರ್ಘಾವಧಿ ಬಂಡವಾಳ ಲಾಭದೆದುರು ಮಾತ್ರ ಹೊಂದಿಸಬಹುದು. ಉಳಿದದ್ದನ್ನು ಎಂಟು ವರ್ಷ ಮುಂದೊಯ್ಯಬಹುದು, ಆದರೆ ವಿವರಪಟ್ಟಿಯನ್ನು ನಿಗದಿತ ದಿನಾಂಕದೊಳಗೆ ಸಲ್ಲಿಸಿರಬೇಕು. ನಿವೇಶನ ಅಥವಾ ಷೇರುಗಳ ಮಾರಾಟದಿಂದ ಅದೇ ವರ್ಷ ಲಾಭ ಗಳಿಸಿದವರಿಗೆ ಮಾರ್ಚ್ 31ರ ಗಡುವು ಮುಖ್ಯವಾಗುತ್ತದೆ. ಅದೃಷ್ಟವಶಾತ್ ಬೇಸಿಗೆಗಾಗಿ ಕೊಳ್ಳುವವರು ಹುಡುಕಾಡುವ ಕಾಲವೂ ಅದೇ. ಸಂಸ್ಥೆಯ ಲಿಖಿತ ಒಪ್ಪಿಗೆ, ಬಾಕಿ ಇಲ್ಲವೆಂಬ ಪತ್ರ, ಹೆಸರು ಬದಲಾವಣೆ ಇವುಗಳಿಗೆ ಸಮಯ ಹಿಡಿಯುವುದರಿಂದ ಅರ್ಜಿಯನ್ನು ಡಿಸೆಂಬರ್ ತಿಂಗಳಲ್ಲೇ ಸಲ್ಲಿಸುವುದು ಒಳ್ಳೆಯದು.