ಹೃದಯಕ್ಕೂ ನೆನಪಿಗೂ ನಂಟು

“ಹಾರ್ಟ್ ಅಟ್ಯಾಕ್ ಆದಮೇಲೆ ಅಜ್ಜನಿಗೆ ಮರೆವು ಹೆಚ್ಚಾಗಿದೆ, ವಯಸ್ಸಾಯಿತಲ್ಲ” ಎಂದು ಸುಮ್ಮನಾಗಬೇಡಿ. ಮಿದುಳು ದೇಹತೂಕದ ಶೇ 2ರಷ್ಟೇ ಇದ್ದರೂ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಅದನ್ನು ಮುಟ್ಟಿಸುವುದು ಹೃದಯ ತಳ್ಳುವ ರಕ್ತ. ಹೃದಯದ ರಕ್ತನಾಳಗಳನ್ನು ಕೆಡಿಸುವ ಬಿ.ಪಿ., ಸಕ್ಕರೆ ಕಾಯಿಲೆ, ತಂಬಾಕು ಮಿದುಳಿನ ಸಣ್ಣ ನಾಳಗಳನ್ನೂ ಬಿಡುವುದಿಲ್ಲ. ಆಗ ನೆನಪು, ಗಮನ, ಯೋಚನೆಯ ಚುರುಕು ಕುಗ್ಗಬಹುದು. ಮರೆವಿನಿಂದ ಮಾತ್ರೆ ತಪ್ಪಿದರೆ ಹೃದಯಕ್ಕೆ ಮತ್ತೆ ಅಪಾಯ. ಆದ್ದರಿಂದ ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಮರೆವಿನ ವಿಷಯವನ್ನೂ ಹೇಳಿ. ಮಕ್ಕಳೇ, ಅಜ್ಜ ಮಾತ್ರೆ ನುಂಗಿದೊಡನೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ನಿಮ್ಮದು. ಸಂಜೆ, ಡಾಕ್ಟರು ಹೇಳಿದಷ್ಟು ದೂರ, ಅವರ ಜೊತೆ ನಡೆಯಿರಿ. ದಾರಿಯಲ್ಲಿ ಒಂದು ಹಳೆಯ ಕತೆ ಕೇಳಿ.