ಗೋಡೆ ನೇರವಾಗಿದ್ದರೆ ಚಿತ್ರವೂ ನೇರವಾಗಿರಲಿ

ಶಿಕಾಗೊ ನಗರದ ವಾಬಾಷ್ ಅವೆನ್ಯೂದಲ್ಲಿ ರೈಲು ಓಡುವುದು ಜನರ ತಲೆಯ ಮೇಲೆ. ನಗರದ ನಡುಭಾಗವನ್ನು ಬಳಸಿಕೊಂಡು ಹೋಗುವ, ‘ಲೂಪ್’ ಎಂದು ಹೆಸರಾದ ಎತ್ತರದ ಹಳಿಗಳ ಸುತ್ತು 1897ರಲ್ಲಿ ಪೂರ್ಣಗೊಂಡಿತು. ಅದಕ್ಕೂ ಮುಂಚೆ, 1882ರಲ್ಲೇ, ವಾಸ್ತುಶಿಲ್ಪಿಗಳಾದ ಡ್ಯಾಂಕ್‌ಮಾರ್ ಆಡ್ಲರ್ ಮತ್ತು ಲೂಯಿ ಸಲಿವನ್ ಈ ರಸ್ತೆಯಲ್ಲಿ ಜ್ಯುವೆಲರ್ಸ್ ಬಿಲ್ಡಿಂಗ್ ಕಟ್ಟಿಸಿದ್ದರು. ಅದು ಇಂದಿಗೂ ನಿಂತಿದೆ. ಆದರೆ ಅದರ ಮುಖವನ್ನು ಪೂರ್ತಿಯಾಗಿ ಚಿತ್ರದಲ್ಲಿ ಹಿಡಿಯುವುದು ದೊಡ್ಡ ಸಾಹಸ. ರಸ್ತೆಯ ಆಚೆ ಬದಿಗೆ ಹೋದರೆ ಹಳಿ ಅಡ್ಡ, ನಡುವೆ ನಿಂತರೆ ಉಕ್ಕಿನ ಕಂಬ ಅಡ್ಡ. ಹತ್ತಿರಕ್ಕೆ ಬಂದು ಕ್ಯಾಮೆರಾ ಮೇಲೆತ್ತಿದರೆ ಗೋಡೆಯ ಎರಡೂ ಅಂಚುಗಳು ಮೇಲೇರುತ್ತ ಒಂದರ ಕಡೆಗೊಂದು ವಾಲಿ, ಕಟ್ಟಡ ಹಿಂದಕ್ಕೆ ಮಗುಚುತ್ತಿರುವಂತೆ ಕಾಣುತ್ತದೆ.

ಇಂಥ ಚಿತ್ರಗಳಿಗೆ ನಮ್ಮ ಕಣ್ಣು ಎಷ್ಟು ಒಗ್ಗಿಹೋಗಿದೆಯೆಂದರೆ ಅದರಲ್ಲಿ ತಪ್ಪಿದೆ ಎಂದೇ ಅನಿಸುವುದಿಲ್ಲ. ಅನಿಸಬೇಕು. ಗಾರೆ ಕೆಲಸದವರು ತೂಗುಗುಂಡು ಬಿಟ್ಟು, ರಸಮಟ್ಟ ಇಟ್ಟು ನೇರವಾಗಿ ಎಬ್ಬಿಸಿದ ಗೋಡೆಯನ್ನು ವಾಲಿಸಿ ತೋರಿಸುವ ಚಿತ್ರ ದಾಖಲೆಯಾಗಿ ಸೋಲುತ್ತದೆ. ಹಳೆಯ ಕಟ್ಟಡಗಳು ಒಂದೊಂದಾಗಿ ಮಾಯವಾಗುತ್ತಿರುವ ಕರ್ನಾಟಕದ ಪಟ್ಟಣಗಳಲ್ಲಿ ಈ ಸೋಲು ಸಣ್ಣದಲ್ಲ. ಶಿಕಾಗೊ ಮತ್ತು ಡೆಟ್ರಾಯಿಟ್‌ನ ಛಾಯಾಗ್ರಾಹಕರಿಂದ ನಾವು ಕಲಿಯಬೇಕಾದದ್ದು ಇದೆ.

ವಾಲುವಿಕೆಗೆ ಕಾರಣ ಸರಳ. ಕ್ಯಾಮೆರಾದ ಒಳಗಿನ ಫಿಲ್ಮ್ ಅಥವಾ ಸೆನ್ಸರ್ ಗೋಡೆಗೆ ಸಮಾನಾಂತರವಾಗಿದ್ದರೆ ಗೋಡೆಯ ನೇರ ಗೆರೆಗಳು ಚಿತ್ರದಲ್ಲೂ ನೇರವಾಗಿರುತ್ತವೆ. ಕ್ಯಾಮೆರಾ ಮೇಲಕ್ಕೆ ಓರೆಯಾದ ಕ್ಷಣವೇ ಆ ಸಮಾನಾಂತರ ತಪ್ಪಿ, ಮೇಲಿನ ಅಂತಸ್ತುಗಳು ಕಿರಿದಾಗುತ್ತ ಹೋಗುತ್ತವೆ. ಹಾಗಾದರೆ ಕ್ಯಾಮೆರಾ ಮಟ್ಟವಾಗಿ ಹಿಡಿದರಾಯಿತಲ್ಲ? ಹಿಡಿಯಬಹುದು, ಆಗ ಚಿತ್ರದ ಕೆಳಗಿನ ಅರ್ಧ ಬರೀ ರಸ್ತೆ, ಮೇಲೆ ಕಟ್ಟಡದ ತಲೆ ಕತ್ತರಿಸಿಹೋಗಿರುತ್ತದೆ. ಹಿಂದೆ ಸರಿಯಲು ಜಾಗವಿದ್ದರೆ ಇದೊಂದು ತೊಂದರೆಯೇ ಅಲ್ಲ. ಇಕ್ಕಟ್ಟಿನಲ್ಲಿ ಜಾಗವಿಲ್ಲ.

ಲೆಕ್ಕ ಹಾಕಿ ನೋಡಿದರೆ ಕಷ್ಟದ ಅಳತೆ ತಿಳಿಯುತ್ತದೆ. ಅರವತ್ತು ಮೀಟರ್ ಎತ್ತರದ ಕಟ್ಟಡ, ನಿಲ್ಲಲು ಸಿಕ್ಕ ದೂರ ಇಪ್ಪತ್ತು ಮೀಟರ್ ಎಂದುಕೊಳ್ಳೋಣ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 24 ಮಿ.ಮೀ. ಲೆನ್ಸ್ ಹಾಕಿ, ಉದ್ದುದ್ದ ತಿರುಗಿಸಿ, ಮಟ್ಟವಾಗಿ ಹಿಡಿದರೆ ಕಣ್ಣಿನ ಮಟ್ಟದಿಂದ ಮೇಲೆ ಸಿಗುವುದು 15 ಮೀಟರ್ ಮಾತ್ರ; ಅಂದರೆ ನಾಲ್ಕೈದು ಅಂತಸ್ತು. ಕ್ಯಾಮೆರಾ ಮಟ್ಟವಾಗಿಟ್ಟೇ ಸರಿಸಬಲ್ಲ 17 ಮಿ.ಮೀ. ಶಿಫ್ಟ್ ಲೆನ್ಸ್ ಹಾಕಿ, ಅದನ್ನು 12 ಮಿ.ಮೀ. ಮೇಲಕ್ಕೆ ಸರಿಸಿದರೆ 35 ಮೀಟರ್ ದಾಟುತ್ತದೆ. ಆಗಲೂ ಮೇಲಿನ ಭಾಗ ಹೊರಗೇ ಉಳಿಯುತ್ತದೆ. ಅದೇ ಕ್ಯಾಮೆರಾವನ್ನು ಎದುರು ಕಟ್ಟಡದ ಏಳೆಂಟನೆಯ ಮಹಡಿಗೆ, ಅಂದರೆ ಸುಮಾರು ಮೂವತ್ತು ಮೀಟರ್ ಎತ್ತರಕ್ಕೆ ಒಯ್ದು, ಲೆನ್ಸನ್ನು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಸರಿಸಿ ಎರಡು ಚಿತ್ರ ತೆಗೆದು ಜೋಡಿಸಿದರೆ ಬುಡದಿಂದ ನೆತ್ತಿಯವರೆಗೆ ಇಡೀ ಕಟ್ಟಡ ನೇರವಾಗಿ ಸಿಗುತ್ತದೆ. ಹೊಸ ಲೆನ್ಸ್ ಕೊಳ್ಳುವ ಮೊದಲು ಎದುರು ಮನೆಯವರ ಬಾಗಿಲು ತಟ್ಟಿ ಮಹಡಿ ಹತ್ತಲು ಅನುಮತಿ ಕೇಳುವುದು ಜಾಣತನ.

ಲೆನ್ಸನ್ನು ಹೀಗೆ ಸರಿಸುವ ಉಪಾಯ ಹೊಸದಲ್ಲ. ತಿದಿಯಂತೆ ಮಡಚುವ ದೊಡ್ಡ ವ್ಯೂ ಕ್ಯಾಮೆರಾಗಳಲ್ಲಿ ಮುಂದಿನ ಹಲಗೆಯನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಸರಿಸುವ ಸೌಲಭ್ಯ ಹತ್ತೊಂಬತ್ತನೆಯ ಶತಮಾನದಿಂದಲೂ ಇತ್ತು. ಶಿಕಾಗೊದಲ್ಲೇ 1923ರಲ್ಲಿ ಡಿಯರ್‌ಡಾರ್ಫ್ ಹೆಸರಿನ ಮರದ ಕ್ಯಾಮೆರಾಗಳ ತಯಾರಿಕೆ ಶುರುವಾಯಿತು. ಮದ್ಯನಿಷೇಧದಿಂದ ಮುಚ್ಚಿದ್ದ ಬಾರುಗಳ ಮಹಾಗನಿ ಹಲಗೆಗಳಿಂದ ಮೊದಲ ಕ್ಯಾಮೆರಾಗಳು ಸಿದ್ಧವಾದವೆಂದು ಆ ಕ್ಯಾಮೆರಾ ಮೆಚ್ಚುವವರು ಹೇಳುತ್ತಾರೆ. ಆರು ವರ್ಷಗಳ ನಂತರ, 1929ರಲ್ಲಿ, ಅದೇ ನಗರದಲ್ಲಿ ಕೆನ್ ಹೆಡ್ರಿಕ್ ಮತ್ತು ಹೆನ್ರಿ ಬ್ಲೆಸಿಂಗ್ ಕಟ್ಟಡಗಳ ಛಾಯಾಗ್ರಹಣಕ್ಕೆಂದೇ ಸಂಸ್ಥೆ ತೆರೆದರು. ಕೈಯಲ್ಲಿ ಹಿಡಿಯುವ 35 ಮಿ.ಮೀ. ಕ್ಯಾಮೆರಾಗಳಿಗೆ ಈ ಅನುಕೂಲ ಬಂದದ್ದು 1960ರ ದಶಕದ ಆರಂಭದಲ್ಲಿ, ನಿಕಾನ್ ಕಂಪನಿಯ ಶಿಫ್ಟ್ ಲೆನ್ಸಿನೊಂದಿಗೆ.

ಆದರೆ ಈ ಕಸುಬು ಏಕೆ ಬೇಕು ಎಂಬುದನ್ನು ತಿಳಿಯಲು ಛಾಯಾಗ್ರಾಹಕ ರಿಚರ್ಡ್ ನಿಕಲ್ ಬದುಕನ್ನು ನೋಡಬೇಕು.

ನಿಕಲ್ ಹುಟ್ಟಿದ್ದು 1928ರಲ್ಲಿ, ಶಿಕಾಗೊದಲ್ಲೇ. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಹ್ಯಾರಿ ಕ್ಯಾಲಹನ್ ಮತ್ತು ಆರನ್ ಸಿಸ್ಕಿಂಡ್ ಅವರ ಶಿಷ್ಯ. ಸಿಸ್ಕಿಂಡ್ ತಮ್ಮ ವಿದ್ಯಾರ್ಥಿಗಳಿಗೆ ಆಡ್ಲರ್-ಸಲಿವನ್ ಕಟ್ಟಡಗಳ ಚಿತ್ರ ತೆಗೆಯುವ ಕೆಲಸ ಒಪ್ಪಿಸಿದರು. ತರಗತಿಯ ಕೆಲಸ ಮುಗಿದರೂ ನಿಕಲ್ ಅದನ್ನು ಬಿಡಲಿಲ್ಲ. ಯುದ್ಧಾನಂತರದ ಶಿಕಾಗೊ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಭರದಲ್ಲಿತ್ತು. ನಿಕಲ್ ತೆಗೆದ ಎಷ್ಟೋ ಚಿತ್ರಗಳು ಕೊನೆಯ ಚಿತ್ರಗಳಾದವು.

ರಾಂಡಾಲ್ಫ್ ಸ್ಟ್ರೀಟ್‌ನಲ್ಲಿ ಅಕ್ಕಪಕ್ಕದ ಕಟ್ಟಡಗಳ ನಡುವೆ ಸಿಕ್ಕಿಕೊಂಡಿದ್ದ ಗ್ಯಾರಿಕ್ ಥಿಯೇಟರ್ ಹಾಗೆ ಅಳಿದ ಆಡ್ಲರ್-ಸಲಿವನ್ ಕಟ್ಟಡಗಳಲ್ಲೊಂದು. 1892ರ ಆ ಕಟ್ಟಡವನ್ನು ಕೆಡವುವ ಸುದ್ದಿ ಬಂದಾಗ, 1960ರಲ್ಲಿ, ನಿಕಲ್ ಫಲಕ ಹಿಡಿದು ಬೀದಿಯಲ್ಲಿ ನಿಂತರು. ಕಟ್ಟಡ ಉಳಿಯಲಿಲ್ಲ. 1961ರಲ್ಲಿ ಅದು ನೆಲಸಮವಾಗಿ, ಆ ಜಾಗಕ್ಕೆ ವಾಹನ ನಿಲುಗಡೆಯ ಕಟ್ಟಡ ಬಂತು. ಕೆಡವುತ್ತಿದ್ದಷ್ಟು ದಿನ ನಿಕಲ್ ಒಳಗೆ ಹೊರಗೆ ಚಿತ್ರ ತೆಗೆಯುತ್ತ, ಸಲಿವನ್ ಬಿಡಿಸಿದ್ದ ಎಲೆಬಳ್ಳಿಗಳ ಗಾರೆ ತುಂಡುಗಳನ್ನು ಉಳಿಸುತ್ತ ಇದ್ದರು.

ಆಮೇಲಿನ ಸರದಿ ಲಾಸಾಲ್ ಸ್ಟ್ರೀಟ್‌ನ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡದ್ದು. 1894ರಲ್ಲಿ ಕಟ್ಟಿದ ಅದನ್ನು ಬೀಳಿಸುತ್ತಿದ್ದಾಗ, 1972ರ ಏಪ್ರಿಲ್ 13ರಂದು, ಅಳಿದುಳಿದದ್ದನ್ನು ಕಾಪಾಡಲು ಒಳಗೆ ಹೋದ ನಿಕಲ್ ಹಿಂತಿರುಗಲಿಲ್ಲ. ಕುಸಿದ ಅವಶೇಷಗಳ ಅಡಿಯಿಂದ ಅವರ ದೇಹ ಸಿಕ್ಕಿದ್ದು ಮೇ 9ರಂದು. ವಯಸ್ಸು 43. ಅವರೂ ಗೆಳೆಯರೂ ಬಿಡಿಸಿ ತೆಗೆದಿಟ್ಟಿದ್ದ ಭಾಗಗಳಿಂದ ಆ ಕಟ್ಟಡದ ವಹಿವಾಟಿನ ಸಭಾಂಗಣವನ್ನು ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೊದಲ್ಲಿ 1977ರ ಹೊತ್ತಿಗೆ ಮತ್ತೆ ನಿಲ್ಲಿಸಲಾಯಿತು. ಅವರ ಚಿತ್ರಸಂಗ್ರಹವೂ ಈಗ ಆ ಸಂಸ್ಥೆಯಲ್ಲೇ ಇದೆ.

2021ರಲ್ಲಿ ಶಿಕಾಗೊದ ರೈಟ್‌ವುಡ್ 659 ಎಂಬ ಗ್ಯಾಲರಿ ಕಳೆದುಹೋದ ಗ್ಯಾರಿಕ್ ಥಿಯೇಟರನ್ನು ಕಂಪ್ಯೂಟರ್ ಮಾದರಿಯಲ್ಲಿ ಮರಳಿ ಕಟ್ಟಿ ಪ್ರದರ್ಶಿಸಿತು. ಇಂಥ ಕೆಲಸ ನಡೆಯುವಾಗ ನೇರವಾದ ಚಿತ್ರದ ಬೆಲೆ ಗೊತ್ತಾಗುತ್ತದೆ. ಗೋಡೆಗೆ ಸಮಾನಾಂತರವಾಗಿ ತೆಗೆದ ಚಿತ್ರದಲ್ಲಿ ಒಂದು ಕಿಟಕಿಯ ಅಗಲ ಗೊತ್ತಿದ್ದರೆ ಅದೇ ಗೋಡೆಯ ಉಳಿದ ಅಳತೆಗಳನ್ನೆಲ್ಲ ಚಿತ್ರದ ಮೇಲೇ ಅಳೆಯಬಹುದು. ಅಮೆರಿಕ ಸರ್ಕಾರ 1933ರಲ್ಲಿ ಆರಂಭಿಸಿದ ಐತಿಹಾಸಿಕ ಕಟ್ಟಡಗಳ ಸಮೀಕ್ಷೆ ದೊಡ್ಡ ಅಳತೆಯ ನೆಗೆಟಿವ್‌ಗಳನ್ನೂ ಪರ್ಸ್‌ಪೆಕ್ಟಿವ್ ಸರಿಪಡಿಸಬಲ್ಲ ಕ್ಯಾಮೆರಾಗಳನ್ನೂ ಪಟ್ಟುಹಿಡಿದು ಬಳಸಿಕೊಂಡು ಬಂದದ್ದು ಈ ಕಾರಣಕ್ಕೆ. ಅದರ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಯಾರು ಬೇಕಾದರೂ ನೋಡಬಹುದು.

ಡೆಟ್ರಾಯಿಟ್ ಕಡೆಯ ಕಥೆ ಬೇರೆ ಬಗೆಯದು. ಹಂಗೇರಿಯಿಂದ ಬಂದ ಬಾಲ್ತಜಾರ್ ಕೊರಾಬ್ 1955ರಲ್ಲಿ ನಗರದ ಹೊರವಲಯದ ಬ್ಲೂಮ್‌ಫೀಲ್ಡ್ ಹಿಲ್ಸ್‌ನಲ್ಲಿದ್ದ ವಾಸ್ತುಶಿಲ್ಪಿ ಈರೊ ಸಾರಿನೆನ್ ಕಚೇರಿ ಸೇರಿದರು. ಓದಿದ್ದು ವಾಸ್ತುಶಿಲ್ಪ, ಕಟ್ಟಡಗಳ ಪುಟ್ಟ ಮಾದರಿಗಳ ಚಿತ್ರ ತೆಗೆಯುತ್ತ ಅವರು ಛಾಯಾಗ್ರಾಹಕರಾದರು. ಪುಟ್ಟ ಮಾದರಿಯ ಮುಂದೆ ಬೇಕಾದಷ್ಟು ಹಿಂದೆ ಸರಿಯಬಹುದು; ನಗರದ ನಡುವಿನ ಗ್ರಿಸ್ವಾಲ್ಡ್ ಸ್ಟ್ರೀಟ್‌ನಲ್ಲಿ ಮಾತ್ರ ಶಿಕಾಗೊದ ಇಕ್ಕಟ್ಟೇ ಇದೆ. ವರ್ಟ್ ರೋಲಂಡ್ ವಿನ್ಯಾಸ ಮಾಡಿದ ಪೆನಾಬ್‌ಸ್ಕಾಟ್ ಮತ್ತು ಕಿತ್ತಳೆ ಇಟ್ಟಿಗೆಯ ಗಾರ್ಡಿಯನ್ ಕಟ್ಟಡಗಳು 1928 ಮತ್ತು 1929ರಲ್ಲಿ ಅಲ್ಲಿ ತಲೆಯೆತ್ತಿದವು. ಇಂಥ ಕಡೆ ಅಗಲ ಲೆನ್ಸ್ ಬಳಸುವವರಿಗೆ ಇನ್ನೊಂದು ಪೀಡೆ ಕಾದಿರುತ್ತದೆ. ಗೆರೆ ನೇರವಾಗಿ ಉಳಿದರೂ ಚಿತ್ರದ ಅಂಚಿನಲ್ಲಿರುವ ವಸ್ತುಗಳು ಹಿಗ್ಗುತ್ತವೆ. ದುಂಡನೆಯ ದೀಪ ಮೊಟ್ಟೆಯ ಆಕಾರ ತಾಳುತ್ತದೆ, ಬಾಗಿಲ ಬಳಿ ನಿಂತ ಕಾವಲುಗಾರ ದಪ್ಪಗಾಗುತ್ತಾನೆ. ಇದಕ್ಕೆ ತಿದ್ದುಪಡಿಗಿಂತ ಎಚ್ಚರಿಕೆಯೇ ಮದ್ದು: ದುಂಡನೆಯದನ್ನೂ ಮನುಷ್ಯರನ್ನೂ ಅಂಚಿನಿಂದ ದೂರ ಇಡುವುದು.

ನೇರ ಮಾಡುವ ಹುಚ್ಚಿಗೂ ಒಂದು ಗಡಿ ಬೇಕು. 2018ರವರೆಗೆ ಜಾನ್ ಹ್ಯಾನ್‌ಕಾಕ್ ಸೆಂಟರ್ ಎಂಬ ಹೆಸರಿದ್ದ ಶಿಕಾಗೊದ ಕಟ್ಟಡ ನೂರು ಅಂತಸ್ತಿನ ಗೋಪುರ. ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಜೊತೆಗೂಡಿ ಅದನ್ನು ರೂಪಿಸಿದ ಎಂಜಿನಿಯರ್ ಢಾಕಾದಲ್ಲಿ ಓದಿದ ಫಜ್ಲುರ್ ರಹಮಾನ್ ಖಾನ್. ಮಕ್ಕಳ ಮನೆಗೆಂದು ಹೋದ ನಮ್ಮ ಹಿರಿಯರು ಅದರ ಬುಡದಲ್ಲಿ ನಿಂತು ತೆಗೆಸಿಕೊಂಡ ಫೋಟೊಗಳು ಕನ್ನಡನಾಡಿನ ಮನೆಗಳಲ್ಲೂ ಇವೆ. ಆ ಗೋಪುರ ನಿಜವಾಗಿಯೂ ಮೇಲೆ ಹೋದಂತೆ ಕಿರಿದಾಗುತ್ತದೆ: ಬುಡದಲ್ಲಿ 265 ಅಡಿ ಉದ್ದ, 165 ಅಡಿ ಅಗಲ, ನೆತ್ತಿಯಲ್ಲಿ 160 ಮತ್ತು 100. ತಂತ್ರಾಂಶದ ‘ಆಟೊ’ ಗುಂಡಿ ಒತ್ತಿದರೆ ಅದು ಈ ಓರೆಯನ್ನೂ ತಪ್ಪೆಂದು ತಿಳಿದು ನೆಟ್ಟಗೆ ಮಾಡಿಬಿಡಬಹುದು. ಹಂಪಿಯ ವಿರೂಪಾಕ್ಷ ಗೋಪುರಕ್ಕೂ ಚಿತ್ರದುರ್ಗದ ಕೋಟೆಯ ಬತ್ತೇರಿಗಳಿಗೂ ಇದೇ ಅಪಾಯ. ಕಟ್ಟಡವನ್ನು ಕಣ್ಣಾರೆ ಕಂಡವರು ತಿದ್ದಬೇಕಾದ ಕೆಲಸವಿದು.

ಫೋನಿನಲ್ಲೇ ಎಲ್ಲ ಸರಿಮಾಡಬಹುದಲ್ಲ ಎನ್ನುವವರಿದ್ದಾರೆ. ಸುದ್ದಿಚಿತ್ರಕ್ಕೆ ಅಷ್ಟು ಸಾಕು. ದಾಖಲೆಗೆ ಸಾಲದು. ತಂತ್ರಾಂಶ ಚಿತ್ರದ ಮೇಲ್ಭಾಗವನ್ನು ಎಳೆದು ಹಿಗ್ಗಿಸುತ್ತದೆ. ಸೂಕ್ಷ್ಮ ವಿವರ ಬೇಕಾದ ಕಡೆಯೇ ವಿವರ ತೆಳುವಾಗುತ್ತದೆ. ಎತ್ತರ ಮತ್ತು ಅಗಲದ ಅನುಪಾತವೂ ಏರುಪೇರಾಗುತ್ತದೆ. ಇನ್ನು ಕತ್ತರಿಸಿಹೋದ ಮೂಲೆಯನ್ನು ಕೃತಕ ಬುದ್ಧಿಮತ್ತೆಯಿಂದ ತುಂಬಿಸಿದರೆ, ಇಲ್ಲದ ಕಿಟಕಿಯೊಂದು ದಾಖಲೆಯೊಳಗೆ ಬಂದು ಕೂರುತ್ತದೆ. ಪಾರಂಪರಿಕ ಕಟ್ಟಡಗಳ ಚಿತ್ರಗಳಲ್ಲಿ ಇದನ್ನು ಸಾರಾಸಗಟಾಗಿ ನಿಷೇಧಿಸಬೇಕು.

ಕರ್ನಾಟಕಕ್ಕೆ ಈ ಕಸುಬು ಅಪರಿಚಿತವೇನಲ್ಲ. 1856ರಲ್ಲೇ ಅಲೆಕ್ಸಾಂಡರ್ ಗ್ರೀನ್‌ಲಾ ದೊಡ್ಡ ಕ್ಯಾಮೆರಾ ಹೊತ್ತು ಹಂಪಿಯ ಚಿತ್ರಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದರು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಅವೇ ಜಾಗಗಳನ್ನು ಹುಡುಕಿ, ಅಲ್ಲೇ ಕ್ಯಾಮೆರಾ ನೆಟ್ಟು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿದ್ದಿದೆ, ಯಾವ ಮಂಟಪ ಬದಲಾಗಿದೆ ಎಂದು ಬೆರಳಿಟ್ಟು ತೋರಿಸಬಹುದು.

ಹಂಪಿಗೆ ಸಿಕ್ಕ ಈ ಭಾಗ್ಯ ಪೇಟೆಗಳಿಗೆ ಸಿಕ್ಕಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಸಾಲಿನ ನಡುವೆ ನಿಂತ ರೈಸ್ ಸ್ಮಾರಕ ಚರ್ಚ್, ಚಿಕ್ಕಪೇಟೆ ಬಳೇಪೇಟೆಗಳ ಮರದ ಕಂಬದ ಹಳೆಯ ಮನೆಗಳು, ಮನೆಗಳು ಗೋಡೆಗೆ ಒತ್ತಿಕೊಂಡೇ ಬೆಳೆದುನಿಂತ ಐಹೊಳೆಯ ದೇಗುಲಗಳು: ಇಲ್ಲೆಲ್ಲ ಹಿಂದೆ ಸರಿಯಲು ಜಾಗವಿಲ್ಲ. ಹಳೆಯ ಕಟ್ಟಡಗಳು ನಮಗಾಗಿ ಕಾಯುವುದೂ ಇಲ್ಲ: ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್ 2017ರಲ್ಲಿ ಕುಸಿಯಿತು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಭಾಗ 2016ರಲ್ಲಿ ಬಿದ್ದವು. ಮತ್ತೆ ಕಟ್ಟಬೇಕೋ ಬೇಡವೋ ಎಂಬ ಜಗಳದ ನಡುವೆ, ಕಟ್ಟುವುದಾದರೆ ಯಾವ ಅಳತೆ ನೋಡಿ ಕಟ್ಟುವುದು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ.

ಪಾರಂಪರಿಕ ಪಟ್ಟಿ ಮಾಡುವ ಇಲಾಖೆಗಳೂ ನಗರಪಾಲಿಕೆಗಳೂ ಪ್ರತಿ ಕಟ್ಟಡಕ್ಕೆ ಮಟ್ಟವಾಗಿ ಹಿಡಿದು ತೆಗೆದ ಮುಂಭಾಗದ ಚಿತ್ರ ಕಡ್ಡಾಯ ಮಾಡಲಿ. ಚಿತ್ರದಲ್ಲಿ ಅಳತೆಪಟ್ಟಿ ಕಾಣಲಿ. ನಿಂತ ದೂರ, ಎತ್ತರ, ಬಳಸಿದ ಲೆನ್ಸ್ ಬರೆದಿಡಲಿ. ತಿದ್ದದ ಮೂಲ ಕಡತವನ್ನೂ ಜೊತೆಗೆ ಕಾಪಾಡಲಿ. ವಾಸ್ತುಶಿಲ್ಪ ಕಾಲೇಜುಗಳಲ್ಲಿ ಇದಕ್ಕೆ ಹುಡುಗ ಹುಡುಗಿಯರಿದ್ದಾರೆ. ನಿಕಲ್ ಶುರುಮಾಡಿದ್ದೂ ತರಗತಿಯ ಕೆಲಸದಿಂದಲೇ. ಅವರ ಕೈಗೆ ಪಾಲಿಕೆಯ ಮೊಹರು ಇರುವ ಒಂದು ಪತ್ರ ಕೊಟ್ಟರೆ ಎದುರು ಅಂಗಡಿಯ ಮಾಲೀಕರು ಮಹಡಿಯ ಬಾಗಿಲು ತೆರೆಯುತ್ತಾರೆ. ಚಿಕ್ಕಪೇಟೆಯಿಂದ ಶುರುಮಾಡಬಹುದು, ಭಾನುವಾರ ಬೆಳಿಗ್ಗೆ, ಅಂಗಡಿಗಳ ಶಟರ್ ಏಳುವ ಮುಂಚೆ.